ಬೆವರು ನಿಂತ ಮೇಲೆ

ಆ ಬೆಳಿಗ್ಗೆ ನಾನು ಜೀಪಿನಲ್ಲಿದ್ದೆನೋ ಇಲ್ಲವೋ ಎಂದು ಈಗ ಆಣೆ ಮಾಡಿ ಹೇಳಲಾರೆ. ಇದ್ದೆ ಎಂದೇ ನನ್ನ ನೆನಪು. ಮುಂದಿನ ಸೀಟು, ತೊಡೆಯ ಮೇಲೆ ಟಿಫಿನ್ ಚೀಲ, ರಸ್ತೆ ಬದಿಯ ಅಕೇಶಿಯಾ ಮರಗಳ ಕಡೆ ಮುಖ ಮಾಡಿ ನಿಂತ ಮಾವ, ಒಂದು ಕೈ ಮರದ ಮೇಲೆ. ಆದರೆ ಆ ವಾರದ ಡೈರಿ ತೆಗೆದು ನೋಡಿದರೆ ನನಗೆ ಜ್ವರ, ಕಾಲೇಜಿಗೆ ರಜೆ ಹಾಕಿದ್ದೇನೆ ಎಂದು ನನ್ನದೇ ಅಕ್ಷರದಲ್ಲಿದೆ. ಹಾಗಾದರೆ ಜೀಪಿನ ಹೆಂಗಸರು ಹೇಳಿದ್ದನ್ನು ಮತ್ತೆ ಮತ್ತೆ ಕೇಳಿ, ಅವರ ನೆನಪಿನೊಳಗೆ ನಾನೇ ಒಂದು ಸೀಟು ಮಾಡಿಕೊಂಡು ಕೂತಿರಬೇಕು. ಅಥವಾ ಡೈರಿಯನ್ನು ಎರಡು ದಿನ ತಡವಾಗಿ ಬರೆದು ದಿನ ತಪ್ಪಿಸಿರಬೇಕು. ಮರದ ಮೇಲಿಟ್ಟ ಆ ಕೈ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಇದ್ದರೂ ಇರಬಹುದು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ನಾರ್ವೆಯಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಓಡಾಡುವುದಕ್ಕೆ ಒಂದು ಸಂದು. ಅವನಿಗೆ ಅರವತ್ತು ದಾಟಿದೆ, ಮಕ್ಕಳಿಲ್ಲ. ಅವನು ಜೀಪ್ ಇಟ್ಟುಕೊಂಡು ತೋಟದ ಕೆಲಸಕ್ಕೆ ಹೆಂಗಸರನ್ನು ಕರೆದುಕೊಂಡು ಹೋಗುತ್ತಾನೆ. ಇವತ್ತು ನೆಮ್ಮಾರಿನ ಕಡೆ ಕೆಲಸವಿದ್ದರೆ ನಾಳೆ ಸೀತೂರಿನ ಕಡೆ. ಬೆಳಿಗ್ಗೆ ಊರಿನಿಂದ ಹೊರಟು, ನನ್ನನ್ನು ಕೊಪ್ಪದಲ್ಲಿ ಇಳಿಸಿ ಮುಂದೆ ಹೋಗುತ್ತಾನೆ. ನಾನು ಅಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಹಾಗಾಗಿ ವರ್ಷಗಟ್ಟಲೆ ನನ್ನ ದಿನ ಶುರುವಾಗಿರುವುದು ಅವನ ಪಕ್ಕದ ಸೀಟಿನಲ್ಲಿ, ಬೆನ್ನ ಹಿಂದೆ ಹೆಂಗಸರ ಮಾತಿನ ಗದ್ದಲದಲ್ಲಿ.

ಮೊದಲು ಗಮನಿಸಿದ್ದು ಆ ಹೆಂಗಸರೇ. ಮಾವ ಜೀಪ್ ನಿಲ್ಲಿಸುವುದು ಹೆಚ್ಚಾಗಿತ್ತು. ಮೊದಲು ದಾರಿಯಲ್ಲಿ ಒಂದು ಸಲವೂ ನಿಲ್ಲಿಸದವನು ಈಗ ನಾರ್ವೆಯಿಂದ ಕೊಪ್ಪ ಮುಟ್ಟುವಷ್ಟರಲ್ಲೇ ಇಳಿಯುತ್ತಿದ್ದ. ಇಳಿದವನು ಬೇಗ ಬರುತ್ತಿರಲಿಲ್ಲ. ಇಂಜಿನ್ ಗುರುಗುಡುತ್ತ ಇರುತ್ತಿತ್ತು, ನಾವು ಎದುರಿನ ಗಾಜು ನೋಡುತ್ತ ಕೂತಿರುತ್ತಿದ್ದೆವು.

"ಏನ್ ಡ್ರೈವರಣ್ಣ, ತಿರುವು ತಿರುವಿಗೂ ನಿಂಗೊಂದು ಚೌಡಿಬನ ಇದ್ಯಾ? ಇಳ್ದು ಇಳ್ದು ಕೈಮುಗ್ದು ಬರ್ತೀಯಲ," ಎಂದು ಹಿಂದಿನಿಂದ ಕೂಗುತ್ತಿದ್ದವಳು ಎಲ್ಲರಿಗಿಂತ ಹಿರಿಯಳು. ಅವಳ ಬಾಯಿಗೆ ತೋಟದ ಯಜಮಾನರೂ ಹೆದರುತ್ತಿದ್ದರು.

"ಸುಮ್ನೆ ಕೂರೇ ಮಾರಾಯ್ತಿ. ನಿನ್ನ ಬಾಯಿಗಿಂತ ನನ್ನ ಇಂಜಿನ್ನೇ ವಾಸಿ. ಕೀ ತಿರುಗಿಸಿದ್ರೆ ನಿಲ್ಲತ್ತೆ."

"ಇಂಜಿನ್ ನಿಲ್ಲತ್ತೆ, ನಿನ್ನ ನಲ್ಲಿ ನಿಲ್ಲಲ್ಲ."

ಜೀಪೆಲ್ಲ ನಗು. ಮಾವನೂ ನಗುತ್ತಿದ್ದ. ನಾನು ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದೆ. ಸೋದರಮಾವನ ಜೊತೆ ಏನು ಬೇಕಾದರೂ ತಮಾಷೆ ಮಾಡಬಹುದು ಅನ್ನುತ್ತಾರೆ, ಆದರೆ ಈ ವಿಷಯ ಆ ತಮಾಷೆಯ ಒಳಗಿತ್ತೋ ಹೊರಗಿತ್ತೋ ನನಗೆ ಗೊತ್ತಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ: ಉಷ್ಣ. ನಮ್ಮ ಕಡೆ ಡ್ರೈವರುಗಳಿಗೆಲ್ಲ ಉಷ್ಣ ಇದ್ದದ್ದೇ ಅನ್ನುತ್ತಾರೆ. ದಿನವಿಡೀ ಇಂಜಿನ್ನಿನ ಬಿಸಿಗೆ ಮೈಯೊಡ್ಡಿ ಕೂತವನಿಗೆ ಸೊಂಟದ ಕೆಳಗೆ ಕಾವು ಇಳಿಯದೆ ಇನ್ನೇನಾಗುತ್ತದೆ? ಉರಿ ಬಂದರೆ ಉಷ್ಣ, ಕಟ್ಟಿದರೆ ಉಷ್ಣ, ಮತ್ತೆ ಮತ್ತೆ ಹೋಗಬೇಕೆನಿಸಿದರೂ ಉಷ್ಣ. ಕೊಪ್ಪದ ಸ್ಟ್ಯಾಂಡಿನಲ್ಲಿ ಯಾವ ಡ್ರೈವರನ್ನು ಕೇಳಿದರೂ ತನ್ನ ತನ್ನ ಔಷಧಿ ಹೇಳುತ್ತಿದ್ದ. ಅತ್ತೆ, ಅಂದರೆ ಮಾವನ ಹೆಂಡತಿ, ಮೆಂತೆ ನೆನೆಹಾಕಿದ ನೀರು ಕೊಟ್ಟಳು, ತಂಪಿಗೆಂದು ಎಳ್ಳು ಅರೆದು ಎಳ್ಳುನೀರು ಕೊಟ್ಟಳು, ಬಾರ್ಲಿ ಗಂಜಿ ಕೊಟ್ಟಳು. ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಸೀಟಿನ ಮೇಲೆ ಹಾಸಲು ಲಾವಂಚದ ಚಾಪೆ ತರಿಸಿದಳು. ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸಿ, ಒದ್ದೆ ಚಾಪೆಯ ಮೇಲೆ ಮಾವನನ್ನು ಕೂರಿಸಿ ಕಳಿಸುತ್ತಿದ್ದಳು. ಜೀಪಿನೊಳಗೆ ಆಗ ಡೀಸೆಲ್ ಮತ್ತು ಲಾವಂಚ ಎರಡರದ್ದೂ ವಾಸನೆ. ನನಗೆ ಅನುಮಾನವಿತ್ತು ಎಂದು ಈಗ ಬರೆದುಕೊಳ್ಳುವುದು ಸುಲಭ. ಇರಲಿಲ್ಲ. ಉಷ್ಣ ಎಂಬುದು ನನಗೆ ಎಂ.ಎ. ಓದುವುದಕ್ಕಿಂತ ಬಹಳ ಮೊದಲೇ ಗೊತ್ತಿದ್ದ ಸಂಗತಿ.

ಮಳೆಗಾಲ ಮುಗಿಯುವ ಹೊತ್ತಿನ ಆ ಬೆಳಿಗ್ಗೆ ಕೊಪ್ಪದ ಈಚೆಯ ಏರಿನಲ್ಲಿ ಮಾವ ಇಳಿದು ಹೋದವನು ಬರಲೇ ಇಲ್ಲ. ಹಿರಿಯ ಹೆಂಗಸು ಎಂದಿನಂತೆ ಏನೋ ಕೂಗಿದಳು. ಆಮೇಲೆ ಅವಳೇ ಇಳಿದು ಹೋದಳು. ಮರಕ್ಕೆ ಕೈಕೊಟ್ಟು ನಿಂತ ಮಾವನ ಹಣೆಯ ಮೇಲೆ ನೀರು. ಹೊಟ್ಟೆಯ ಕೆಳಗೆ ಕಲ್ಲಿನಂತೆ ಗಟ್ಟಿ. ಒಂದು ಹನಿಯೂ ಬರುತ್ತಿಲ್ಲ. "ತಂಗೀ, ಆಗ್ತಿಲ್ವೇ," ಎಂದನಂತೆ. ದಿನವೂ ಅವನನ್ನು ಕಿಚಾಯಿಸುತ್ತಿದ್ದವಳು ಆಗ ಹಿಂದಿನಿಂದ ಬಂದ ಹಾಲಿನ ಗಾಡಿಗೆ ಅಡ್ಡ ನಿಂತು, ಅವನನ್ನು ಹತ್ತಿಸಿ ತಾನೂ ಹತ್ತಿದಳು. ಉಳಿದ ಹೆಂಗಸರು ಜೀಪಿನಲ್ಲೇ ಕೂತಿದ್ದರು. ಇಂಜಿನ್ ಆರಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ ಎಂದು ಒಬ್ಬಳು ಹೇಳುತ್ತಾಳೆ. ನಾನು ಇದ್ದಿದ್ದರೆ ನಾನು ಆರಿಸುತ್ತಿದ್ದೆ. ಹಾಗಾಗಿ ನಾನು ಇರಲಿಲ್ಲ ಅನ್ನಿಸುತ್ತದೆ.

ಆಸ್ಪತ್ರೆಯಲ್ಲಿ ನಳಿಗೆ ಹಾಕಿ ನೀರು ತೆಗೆದರು. ನಾನು ಹೋಗಿ ಸೇರುವಷ್ಟರಲ್ಲಿ ಮಾವ ಮಂಚದ ಮೇಲೆ ಮಲಗಿ, ಪಕ್ಕದಲ್ಲಿ ತೂಗುತ್ತಿದ್ದ ಚೀಲವನ್ನು ಆಶ್ಚರ್ಯದಿಂದ ನೋಡುತ್ತಿದ್ದ. "ನೋಡೇ, ರೇಡಿಯೇಟರ್ ಡ್ರೇನ್ ಮಾಡಿದ್ರು," ಎಂದ. ನೋವು ಇಳಿದ ಸುಖಕ್ಕೆ ಅವನ ಕಣ್ಣಲ್ಲಿ ನೀರಿತ್ತು. ಅಷ್ಟಕ್ಕೇ ಎಲ್ಲ ಮುಗಿಯಿತೆಂದು ನಾವಿಬ್ಬರೂ ತಿಳಿದಿದ್ದೆವು.

ಡಾಕ್ಟರು ಬಂದು ಪ್ರಾಸ್ಟೇಟ್ ಎಂಬ ಮಾತನ್ನು ಮೊದಲ ಸಲ ಆಡಿದರು. ಮೂತ್ರಕೋಶದ ಕೆಳಗೆ ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ. ಮೂತ್ರದ ದಾರಿ ಅದರ ನಡುವೆಯೇ ಹಾದು ಹೋಗುತ್ತದೆ. ವಯಸ್ಸಾದ ಹಾಗೆ ಅದು ದಪ್ಪವಾಗಿ ದಾರಿಯನ್ನು ಹಿಸುಕುತ್ತದೆ. "ಅಡಿಕೆಗಿಂತ ಸ್ವಲ್ಪ ದೊಡ್ಡದು ಇರ್ತದೆ," ಎಂದರು. ಮಾವ "ಹಸಿ ಅಡಿಕೆನಾ, ಒಣಗಿದ್ದಾ?" ಎಂದು ಕೇಳಿದ. ಡಾಕ್ಟರು ನಕ್ಕರು. ಬಹಳ ಜನರಿಗೆ ಹೀಗೆ ಸುಮ್ಮನೆ ಊದಿಕೊಳ್ಳುತ್ತದೆ, ಅದು ಕ್ಯಾನ್ಸರ್ ಅಲ್ಲ, ಮಾತ್ರೆಗೆ ಬಗ್ಗುತ್ತದೆ ಎಂದರು. ಆಮೇಲೆ ಬೆರಳಿನಿಂದ ಪರೀಕ್ಷೆ ಮಾಡಿ ಹೊರಗೆ ಬಂದವರು ನಗಲಿಲ್ಲ. ಕೈಗೆ ಗಟ್ಟಿ ಸಿಗುತ್ತಿದೆ, ಒಂದು ಕಡೆ ಗಂಟಿನ ಹಾಗೆ, ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಮಾಡಿಸಿ ಎಂದರು. ಆ ಪರೀಕ್ಷೆಯ ಅಂಕಿ ಬಂದಾಗ ಅವರು ಅದನ್ನು ನನಗೆ ಓದಿ ಹೇಳಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಷ್ಟೇ ಹೇಳಿದರು, ಬೇಗ ಹೋಗಿ ಎಂದರು.

ಅತ್ತೆಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ. ಹಾಗಾಗಿ ಆಗುಂಬೆ ಘಟ್ಟ ಇಳಿದದ್ದು ಮಾವ ಮತ್ತು ನಾನು. ಬೇರೆಯವರು ಓಡಿಸುವ ಗಾಡಿಯಲ್ಲಿ ಮಾವ ಕೂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಒಂದೊಂದು ತಿರುವಿಗೂ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯುತ್ತಿತ್ತು.

ಆ ಆಸ್ಪತ್ರೆಯಲ್ಲಿ ಸೂಜಿಯಿಂದ ಆ ಗ್ರಂಥಿಯ ಚೂರುಗಳನ್ನು ತೆಗೆದರು. ಆಮೇಲೆ ಮೂಳೆಗಳ ಸ್ಕ್ಯಾನ್. ಕೈಗೆ ಏನೋ ಔಷಧಿ ಚುಚ್ಚಿ, ಅದು ಮೈಯೆಲ್ಲ ಹರಡುವ ತನಕ ಕಾಯಿಸಿ, ಅಸ್ಥಿಪಂಜರದ ಚಿತ್ರ ತೆಗೆಯುತ್ತಾರೆ. ಆ ಚಿತ್ರ ನನಗೆ ಕಾಣಿಸಿತು. ಬೂದು ಬಣ್ಣದ ಮಾವ, ಎದುರಿನಿಂದ ಒಬ್ಬ, ಹಿಂದಿನಿಂದ ಒಬ್ಬ. ಎಡ ಸೊಂಟದ ಮೂಳೆಯಲ್ಲೂ ಬೆನ್ನಿನ ಕೆಳಗೂ ಮಸಿ ತಾಗಿದ ಹಾಗೆ ಕಪ್ಪು ಕಲೆ.

ಅಲ್ಲಿನ ಡಾಕ್ಟರು ಮಧ್ಯವಯಸ್ಸಿನವರು, ಕರಾವಳಿಯ ಕನ್ನಡ, ನಿಧಾನವಾಗಿ ಮಾತಾಡುತ್ತಿದ್ದರು. ಅವರು ಹೇಳಿದ್ದನ್ನು ಆ ದಿನವೇ ಬರೆದಿಟ್ಟುಕೊಂಡಿದ್ದರಿಂದ ಇದೊಂದನ್ನು ಧೈರ್ಯವಾಗಿ ಬರೆಯಬಲ್ಲೆ. ಕ್ಯಾನ್ಸರ್ ಆ ಗ್ರಂಥಿಯಲ್ಲೇ ಇದ್ದಿದ್ದರೆ ಆಪರೇಷನ್ ಮಾಡಿ ತೆಗೆಯಬಹುದಿತ್ತು, ಇಲ್ಲವೇ ವಿಕಿರಣ ಕೊಡಬಹುದಿತ್ತು. ಈಗ ಮೂಳೆಗೆ ದಾಟಿದೆ. ಪೂರ್ತಿ ತೆಗೆಯಲು ಆಗದು, ಆದರೆ ಮಲಗಿಸಬಹುದು. ಗಂಡಸಿನ ಹಾರ್ಮೋನು ಏನಿದೆಯೋ ಅದೇ ಈ ಕಾಯಿಲೆಯ ಊಟ. ಆ ಊಟ ನಿಲ್ಲಿಸಿದರೆ ಅದು ಬಡವಾಗಿ ಮಲಗುತ್ತದೆ, ಬಹಳ ಜನರಿಗೆ ವರ್ಷಗಟ್ಟಲೆ. ಊಟ ಮತ್ತೆ ಸಿಕ್ಕಿದರೆ ಏಳುತ್ತದೆ. "ಎದ್ರೆ ಬೆನ್ನುಮೂಳೆ ಮೇಲೆ ಏಳ್ತದೆ. ಕಾಲಿನ ಬಲ ಹೋಗ್ಬಹುದು. ಅದಕ್ಕೇ ಹೇಳೋದು, ತಪ್ಪಿಸ್ಬಾರ್ದು."

ಊಟ ನಿಲ್ಲಿಸಲು ಎರಡು ದಾರಿ. ವೃಷಣಗಳನ್ನು ಒಂದೇ ಸಲ ಆಪರೇಷನ್ ಮಾಡಿ ತೆಗೆಯುವುದು. ಇಲ್ಲದಿದ್ದರೆ ಮೂರು ತಿಂಗಳಿಗೊಂದು ಇಂಜೆಕ್ಷನ್, ಜೊತೆಗೆ ಮಾತ್ರೆ, ಬದುಕಿರುವ ತನಕ.

ಮಾವ ಡಾಕ್ಟರನ್ನು ಬಿಟ್ಟು ನನ್ನನ್ನು ನೋಡಿ ಹೇಳಿದ: "ಹೋರಿಗೆ ಬೀಜ ಒಡೆಸಿದ ಹಾಗೆ ಒಡೆಸ್ಕೊಂಡು ಬಾ ಅಂತಾರಲೆ. ನಾಳೆ ಜೀಪಿನ ಹಿಂದೆ ಕೂತವರ ಮುಂದೆ ಎಂತ ಮುಖ ಇಟ್ಕೊಂಡು ಸ್ಟೇರಿಂಗ್ ಹಿಡೀಲಿ?"

"ಇಂಜೆಕ್ಷನ್ನೂ ಅದೇ ಕೆಲಸ ಮಾಡೋದು ಮಾವ," ಎಂದೆ.

"ಮಾಡ್ಲಿ. ಅದು ಕಾಣಲ್ಲ."

ಇಂಜೆಕ್ಷನ್ ಎಂದು ತೀರ್ಮಾನವಾಯಿತು. ಮೊದಲನೆಯದನ್ನು ಅಲ್ಲೇ ಕೊಟ್ಟರು. ಮುಂದಿನದನ್ನು ಕೊಪ್ಪದ ಮೆಡಿಕಲ್ ಶಾಪಿನಲ್ಲಿ ತರಿಸಿಕೊಂಡು ಯಾವ ನರ್ಸ್ ಕೈಯಲ್ಲಾದರೂ ಹಾಕಿಸಿಕೊಳ್ಳಬಹುದು, ತಣ್ಣಗೆ ಇಡಬೇಕು ಎಂದರು. ಕೆಲವು ವಾರಗಳಲ್ಲಿ ನಳಿಗೆ ತೆಗೆದರು, ಮೂತ್ರ ತಾನಾಗಿ ಬಂತು. ಮಾವ ಜೀಪ್ ಹತ್ತಿದ. ಹೆಂಗಸರಿಗೆ ಗೊತ್ತಾದದ್ದು ಇಷ್ಟು: ಡ್ರೈವರಣ್ಣನಿಗೆ ಮೂತ್ರ ಕಟ್ಟಿತ್ತು, ಈಗ ವಾಸಿಯಾಗಿದೆ. ಕ್ಯಾನ್ಸರ್ ಎಂಬ ಮಾತು ನಮ್ಮ ಬೇಲಿ ದಾಟಲಿಲ್ಲ.

ರಕ್ತ ಪರೀಕ್ಷೆಯ ಅಂಕಿ ಸರಸರನೆ ಇಳಿಯಿತು. ಸೊನ್ನೆ, ಒಂದು ಚುಕ್ಕೆ, ಆಮೇಲೆ ಏನೋ ಚಿಲ್ಲರೆ. ಮಾವ ಆ ಚೀಟಿಯನ್ನು ಮಡಚಿ ಜೀಪಿನ ಸನ್‌ಶೇಡಿಗೆ ಸಿಕ್ಕಿಸಿಕೊಂಡ. "ಸೊನ್ನೆ ಬಂದ್ಮೇಲೆ ಇನ್ನೆಂತ ಇದೆ? ಸೊನ್ನೆಗಿಂತ ಕೆಳಗೆ ಇಳಿಸ್ತಾರಾ ಇವರು?" ಎಂದು ಕೇಳಿದ. ಸೊನ್ನೆ ಅಂದರೆ ಹೋಗಿದೆ ಎಂದಲ್ಲ, ಮಲಗಿದೆ ಎಂದು ನಾನು ಹೇಳಿದೆ. "ಮಲಗಿದ್ದನ್ನ ಯಾಕೆ ಮೂರು ಮೂರು ತಿಂಗಳಿಗೆ ಚುಚ್ಚಿ ಎಬ್ಬಿಸ್ಬೇಕು?" ಎಂದ. ತಮಾಷೆಗೆ ಹೇಳಿದ್ದು ಎಂದುಕೊಂಡೆ.

ಆಮೇಲೆ ಬೆವರು ಶುರುವಾಯಿತು.

ಜನವರಿಯ ಬೆಳಿಗ್ಗೆ ಹೆಂಗಸರೆಲ್ಲ ತಲೆಗೆ ಟವೆಲ್ ಸುತ್ತಿಕೊಂಡು ಮುದುಡಿ ಕೂತಿದ್ದಾಗ, ಮಾವ ಸ್ವೆಟರ್ ಕಿತ್ತು ನನ್ನ ತೊಡೆಯ ಮೇಲೆ ಎಸೆದ. ಶರ್ಟಿನ ಗುಂಡಿ ಬಿಚ್ಚಿದ. ಕುತ್ತಿಗೆ ಕೆಂಪಾಗಿ, ಅಲ್ಲಿಂದ ಮೇಲೆ ಕಿವಿಯ ತನಕ ಬೆವರು ಹರಿಯುತ್ತಿತ್ತು. ಕಿಟಕಿ ಇಳಿಸಿದ. ಹಿಂದೆ ಎಲ್ಲರೂ ಕಿರುಚಿದರು. ಸ್ವಲ್ಪ ಹೊತ್ತಿಗೆ ಅದು ಬಂದ ಹಾಗೇ ಹೋಯಿತು. ಮೈ ತಣ್ಣಗಾಗಿ ನಡುಕ ಹಿಡಿದು, "ಸ್ವೆಟರ್ ಕೊಡೇ," ಎಂದ.

ಹಿರಿಯ ಹೆಂಗಸು ಮುಂದಕ್ಕೆ ಬಗ್ಗಿ ಅವನ ಕುತ್ತಿಗೆ ನೋಡಿ ಹೇಳಿದಳು: "ಮುಟ್ಟು ನಿಲ್ಲೋ ಹೊತ್ತಿಗೆ ನಂಗೂ ಹಿಂಗೇ ಆಗ್ತಿತ್ತು ನೋಡು. ಬೆಂಕಿ ಹತ್ತಿದ ಹಾಗೆ. ನಿಂಗೆ ಯಾವಾಗ ನಿಲ್ತು ಡ್ರೈವರಣ್ಣ?"

ಆ ದಿನ ಜೀಪ್ ನಕ್ಕಷ್ಟು ಯಾವತ್ತೂ ನಕ್ಕಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದ್ದಳು ಅಷ್ಟೆ. ಮಾವ ನಗಲಿಲ್ಲ. ಕೊಪ್ಪದಲ್ಲಿ ನನ್ನನ್ನು ಇಳಿಸುವಾಗ ಶರ್ಟಿನ ಕಾಲರ್ ಎತ್ತಿ ಕುತ್ತಿಗೆ ಮುಚ್ಚಿಕೊಂಡಿದ್ದ. ಕಾಣಲ್ಲ ಎಂದುಕೊಂಡದ್ದು ಅವನ ಕುತ್ತಿಗೆಯ ಮೇಲೆ ಎಲ್ಲರಿಗೂ ಕಂಡಿತ್ತು.

ಅವಳು ಹೇಳಿದ್ದು ಎಷ್ಟು ಸರಿ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ಅದೇ ವರ್ಷ ನನಗೂ ಶುರುವಾಗಿತ್ತು. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿ ನಿಂತಾಗ ಬೆನ್ನಿನಿಂದ ಏಳುವ ಆ ಕಾವು. ಸಂಜೆ ಅತ್ತೆಯ ಮನೆಯ ಜಗಲಿಯಲ್ಲಿ ಮಾವ ತಲೆಯ ಮೇಲಿನ ಹಾಳೆಟೋಪಿ, ನಮ್ಮ ಕಡೆಯ ಮುಟ್ಟಾಳೆ, ಹಿಡಿದು, ನಾನು ಸೆರಗು ಹಿಡಿದು ಗಾಳಿ ಹಾಕಿಕೊಳ್ಳುತ್ತ ಕೂತಿದ್ದಾಗ ಅವನು, "ನಿಂಗೂ ಇಂಜೆಕ್ಷನ್ ಹಾಕಿದಾರೇನೇ?" ಎಂದು ಕೇಳಿದ. ಇಬ್ಬರೂ ನಕ್ಕೆವು. ಇದು ಉಷ್ಣವಲ್ಲ, ಹಾರ್ಮೋನು ನಿಂತಾಗ ಮೈಗೆ ತನ್ನ ಬಿಸಿ ಎಷ್ಟೆಂದು ತಿಳಿಯದೆ ಹೋಗುತ್ತದೆ, ಔಷಧಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದೇ ಗುರುತು ಎಂದು ನಾನು ಹೇಳಿದೆ. ಮಾವ ತಲೆಯಾಡಿಸಿದ. ಒಳಗಿನಿಂದ ಅತ್ತೆ ಕೇಳಿಸಿಕೊಳ್ಳುತ್ತಿದ್ದಳು.

"ಉಷ್ಣ ಅಲ್ದೆ ಬೆವರು ಯಾಕೆ ಬರತ್ತೆ?" ಎಂದು ಹೊರಗೆ ಬಂದಳು. "ಮೊದ್ಲೇ ಉಷ್ಣದಿಂದ ಬಂದ ಕಾಯಿಲೆ. ಅದಕ್ಕೆ ಇನ್ನಷ್ಟು ಉಷ್ಣ ಮಾಡೋ ಇಂಜೆಕ್ಷನ್ ಕೊಡ್ತಾರೆ ಅಂದ್ರೆ ಅದೆಂತ ವೈದ್ಯ? ಫ್ರಿಜ್ಜಲ್ಲಿ ಇಡಿ ಅಂತ ಅವರೇ ಹೇಳಿದ್ದು. ಯಾಕೆ ಇಡ್ಬೇಕು ಹೇಳು? ಹೊರಗಿಟ್ರೆ ಅದರ ಕಾವು ತಡೆಯಕ್ಕೆ ಆಗಲ್ಲ ಅಂತ."

ನಾನು ವಿವರಿಸಿದೆ. ಅವಳು ಕೇಳಿದಳು. ಅತ್ತೆ ದಡ್ಡಿಯಲ್ಲ. ಅವಳ ಲೆಕ್ಕದಲ್ಲಿ ಎಲ್ಲ ಹಂತವೂ ಒಂದಕ್ಕೊಂದು ಕೂಡುತ್ತಿತ್ತು, ನನ್ನ ಲೆಕ್ಕದಲ್ಲಿ ಕಣ್ಣಿಗೆ ಕಾಣದ ಹಾರ್ಮೋನು ಎಂಬ ಒಂದು ಸಂಗತಿಯನ್ನು ನಂಬಿಕೊಂಡೇ ಮುಂದೆ ಹೋಗಬೇಕಿತ್ತು. ಅವಳು ಮತ್ತೆ ಎಳ್ಳುನೀರು ಶುರು ಮಾಡಿದಳು. ಅದರಿಂದ ಕೆಡುಕೇನೂ ಇಲ್ಲವೆಂದು ನಾನೂ ಸುಮ್ಮನಾದೆ. ಲಾವಂಚದ ಚಾಪೆ ಮತ್ತೆ ಸೀಟಿಗೆ ಬಂತು.

ಮಾವ ಆ ವರ್ಷ ಬದಲಾದ. ಗಡ್ಡ ಬೋಳಿಸುವುದು ವಾರಕ್ಕೊಂದು ಸಲ ಸಾಕಾಗುತ್ತಿತ್ತು. ಎದೆ ಮೆತ್ತಗಾಗಿ ಸ್ವಲ್ಪ ಉಬ್ಬಿತ್ತು. ಅದಕ್ಕೆಂದೇ ಬನಿಯನ್ ಮೇಲೆ ಇನ್ನೊಂದು ಬನಿಯನ್ ಹಾಕಿಕೊಳ್ಳುತ್ತಿದ್ದ. ಸಣ್ಣದಕ್ಕೆಲ್ಲ ಕಣ್ಣಲ್ಲಿ ನೀರು. ಸೀತೂರಿನ ದಾರಿಯಲ್ಲಿ ಒಂದು ನಾಯಿಮರಿ ಚಕ್ರಕ್ಕೆ ಸಿಕ್ಕಿತೆಂದು ಜೀಪ್ ಬದಿಗೆ ಹಾಕಿ ಅತ್ತನಂತೆ, ಹೆಂಗಸರು ಹೇಳಿದರು. ಈ ಸಲ ಅವರು ನಗಲಿಲ್ಲ. ಹಿರಿಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ಡ್ರೈವರಣ್ಣಂಗೆ ಯಾರಾದ್ರೂ ಎಂತಾದ್ರೂ ಮಾಡ್ಸಿದಾರಾ ನೋಡ್ಸಿ," ಎಂದಳು. ಇವೆಲ್ಲ ಔಷಧಿಯ ಪರಿಣಾಮ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ.

ಇನ್ನೊಂದು ಚಳಿಗಾಲ ಬಂತು. ಯಾವ ದಿನದಿಂದ ಎಂದು ಕೇಳಿದರೆ ಹೇಳಲಾರೆ, ಇದನ್ನು ನಾನು ಬರೆದಿಡಲಿಲ್ಲ. ಇರುವುದನ್ನು ಗುರುತು ಹಾಕಿಕೊಳ್ಳುತ್ತೇವೆ, ಇಲ್ಲದಾದದ್ದನ್ನು ಯಾರು ಗುರುತು ಹಾಕುತ್ತಾರೆ? ಒಂದು ಬೆಳಿಗ್ಗೆ ನನಗೆ ಕಾವು ಏರಿ ಶಾಲು ತೆಗೆದೆ. ಅಭ್ಯಾಸದಂತೆ ಮಾವನ ಕಡೆ ನೋಡಿದೆ. ಅವನು ಸ್ವೆಟರಿನ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡು ಕೂತಿದ್ದ. ನಿನ್ನೆಯೂ ಹಾಗೇ ಕೂತಿದ್ದನಲ್ಲ ಅನ್ನಿಸಿತು. ಕಳೆದ ವಾರವೂ. ಕಿಟಕಿಯ ಗಾಜು ಏರಿಸಿದ್ದದ್ದು ಏರಿಸಿದಂತೇ ಇತ್ತು.

"ಬೆವರು ಬರ್ತಿಲ್ವಾ ಮಾವ?"

"ಎಲ್ಲಿಯ ಬೆವರು? ನಿಂತು ಎಷ್ಟೋ ದಿನ ಆಯ್ತು."

ಅತ್ತೆಗೆ ಅದು ಗೆಲುವು. ಬೇಲಿಯ ಸಂದಿನಿಂದ ಬಂದು ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದಳು: "ಎಳ್ಳುನೀರು ಎಂತ ಮಾಡತ್ತೆ ಅಂದ್ಯಲ್ಲೇ. ನೋಡೀಗ. ಉಷ್ಣ ಇಳೀತು. ಮೈ ಹೆಂಗೆ ತಣ್ಣಗಿದೆ ಗೊತ್ತಾ? ಊಟ ಸೇರ್ತಿದೆ. ಮೊನ್ನೆಯಿಂದ ದಿನಾ ಗಡ್ಡ ಹೆರ್ಕೊಳ್ತಾರೆ." ಕೊನೆಯ ಮಾತು ಹೇಳುವಾಗ ಅವಳ ಮುಖದಲ್ಲಿ ಒಂದು ನಾಚಿಕೆಯಿತ್ತು. ಆ ವಯಸ್ಸಿನ ಹೆಂಗಸಿನ ಮುಖದಲ್ಲಿ ಅದನ್ನು ನೋಡಿ ನಾನು ಒಲೆಯ ಕಡೆ ತಿರುಗಿದೆ. ಅವಳ ಸಂತೋಷದ ಒಂದೊಂದು ಮಾತೂ ನನಗೆ ಬೇರೆಯಾಗಿ ಕೇಳುತ್ತಿತ್ತು. ಗಡ್ಡ ಬೆಳೆಯುತ್ತಿದೆ. ಹುರುಪು ಬಂದಿದೆ. ಅಂದರೆ ಆ ಹಾರ್ಮೋನು ಬಂದಿದೆ. ಅಂದರೆ ಅದಕ್ಕೆ ಮತ್ತೆ ಊಟ ಸಿಗುತ್ತಿದೆ.

ಇದನ್ನು ಬರೆಯುವಾಗಲೂ ನನಗೆ ಖಾತ್ರಿಯಿಲ್ಲ. ಆ ದಿನ ಗಾಬರಿಯಿಂದ ಘಟ್ಟದ ಕೆಳಗಿನ ಆಸ್ಪತ್ರೆಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿನ ಒಬ್ಬರು ಡಾಕ್ಟರು ಸಿಕ್ಕಿದರು. ಇಂಜೆಕ್ಷನ್ ತಗೊಳ್ಳುತ್ತಿದ್ದರೂ ಕೆಲವರಿಗೆ ಮೈ ಒಗ್ಗಿಕೊಂಡು ಬೆವರು ಕಡಿಮೆಯಾಗಬಹುದು ಎಂದರು. "ತಪ್ಪಿಸಿದ್ದರೆ?" ಎಂದೆ. ತಪ್ಪಿಸಿದರೂ ಕೆಲವು ತಿಂಗಳಲ್ಲಿ ನಿಲ್ಲುತ್ತದೆ ಎಂದರು. ಎರಡರಲ್ಲಿ ಯಾವುದೆಂದು ಹೊರಗಿನಿಂದ ನೋಡಿ ಹೇಳಲಾಗದು, ಗಡ್ಡ, ಹುರುಪು ಎಂದೆಲ್ಲ ನೀವು ಹೇಳುತ್ತಿರುವುದು ನನಗೆ ಹಿಡಿಸುತ್ತಿಲ್ಲ, ರಕ್ತ ಪರೀಕ್ಷೆ ಮಾಡಿಸಿದರೆ ಒಂದೇ ದಿನದಲ್ಲಿ ತಿಳಿಯುತ್ತದೆ, ಕರೆದುಕೊಂಡು ಬನ್ನಿ ಎಂದರು.

ಮಾವನಿಗೆ ಹೇಳಿದೆ. "ನೆಮ್ಮಾರಲ್ಲಿ ಕೊಯ್ಲು ಮುಗೀಲಿ," ಎಂದ. ಕೊಯ್ಲು ಮುಗಿದಾಗ ಆರ್.ಟಿ.ಓ. ಆಫೀಸಿನಲ್ಲಿ ಜೀಪಿಗೆ ಎಫ್‌ಸಿ ಮಾಡಿಸಬೇಕಿತ್ತು. ಅದಾದ ಮೇಲೆ ಅತ್ತೆಯ ತಂಗಿಯ ಮನೆಯಲ್ಲಿ ಗೃಹಪ್ರವೇಶ. ನಾನು ಅತ್ತೆಯನ್ನು ಕೇಳಿದೆ, ಹೋದ ಸಲದ ಇಂಜೆಕ್ಷನ್ ಎಲ್ಲಿ ಹಾಕಿಸಿಕೊಂಡರು ಎಂದು. "ಎನ್.ಆರ್. ಪುರದಲ್ಲಿ. ಸೀತೂರಿಗೆ ಟ್ರಿಪ್ ಇತ್ತಲ್ಲ, ಹಾಗೇ ಹಾಕಿಸ್ಕೊಂಡು ಬಂದ್ರಂತೆ," ಎಂದಳು. ಅದಕ್ಕೂ ಹಿಂದಿನದು? ಅದೂ ಅಲ್ಲೇ. ನಮ್ಮ ಫ್ರಿಜ್ಜಿನ ಬಾಗಿಲಿನಲ್ಲಿ ನಿಂಬೆಹಣ್ಣಿನ ಪಕ್ಕ ಆ ಪೆಟ್ಟಿಗೆ ಇರುತ್ತಿತ್ತು, ಅತ್ತೆಯ ಮನೆಯ ಫ್ರಿಜ್ ಕೆಟ್ಟಿದ್ದರಿಂದ. ಅದನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗ? ನೋಡಿದ ಹಾಗೇ ಅನ್ನಿಸುತ್ತದೆ. ದಿನವೂ ಇರುವ ವಸ್ತು ಇಲ್ಲದಾಗಲೂ ಸ್ವಲ್ಪ ಕಾಲ ಕಣ್ಣಿಗೆ ಕಾಣುತ್ತಲೇ ಇರುತ್ತದೆ.

ಎನ್.ಆರ್. ಪುರಕ್ಕೆ ಬಸ್ ಹತ್ತಿ ಹೋಗಿ, ಯಾವ ಕ್ಲಿನಿಕ್ಕು, ಯಾವ ನರ್ಸು ಎಂದು ವಿಚಾರಿಸಬಹುದಿತ್ತು. ಒಂದು ಶನಿವಾರ ಬಸ್‌ಸ್ಟ್ಯಾಂಡಿನ ತನಕ ಹೋದೆ. ಬಸ್ ಬಂತು, ಕಂಡಕ್ಟರ್ ಕೂಗಿದ, ನಾನು ಹತ್ತಲಿಲ್ಲ. ಗಂಡಸೊಬ್ಬ ಯಾರಿಗೂ ಕಾಣದಿರಲಿ ಎಂದು ಮುಚ್ಚಿಟ್ಟುಕೊಂಡದ್ದನ್ನು ಬೇರೆ ಊರಿನ ಕೌಂಟರಿನಲ್ಲಿ ನಿಂತು ಹೆಸರು ಹೇಳಿ ಕೇಳುವುದು ಹೇಗೆ? ಹೀಗೆ ಅಂದುಕೊಂಡೆನೋ, ಉತ್ತರ ಕೇಳಲು ಹೆದರಿ ವಾಪಸ್ಸು ಬಂದೆನೋ ಈಗ ಬಿಡಿಸಿ ಹೇಳಲು ಬರುವುದಿಲ್ಲ.

ಈ ತಿಂಗಳು ಮಾವ ಜೀಪಿನಿಂದ ಇಳಿಯುವಾಗ ಎಡ ಸೊಂಟದ ಮೇಲೆ ಕೈಯಿಟ್ಟುಕೊಂಡು ಇಳಿಯುತ್ತಾನೆ. ಕ್ಲಚ್ ಗಟ್ಟಿಯಾಗಿದೆ, ಪ್ಲೇಟ್ ಬದಲಿಸಬೇಕು ಎನ್ನುತ್ತಾನೆ. ಅತ್ತೆ ಬಿಸಿ ಎಣ್ಣೆ ತಿಕ್ಕುತ್ತಾಳೆ. "ಇದು ವಾತ. ತಣ್ಣಗಿನದು ಜಾಸ್ತಿ ಆಯ್ತೋ ಏನೋ, ಎಳ್ಳುನೀರು ನಿಲ್ಲಿಸಿದೀನಿ," ಎಂದು ನನಗೆ ಹೇಳಿದಳು. ಜೀಪಿನಲ್ಲಿ ತಮಾಷೆ ಮತ್ತೆ ಶುರುವಾಗಿದೆ. ನಮ್ಮ ಡ್ರೈವರಣ್ಣ ಹರೆಯದ ಹುಡುಗನ ಹಾಗೆ ಆಗಿದ್ದಾನೆ ಎಂದು ಹಿರಿಯ ಹೆಂಗಸು ಕಿಚಾಯಿಸುತ್ತಾಳೆ. ಮಾವ ತಿರುಗಿ ಎರಡು ಮಾತು ಕೊಡುತ್ತಾನೆ. ನಾನು ಅವನ ಎಡಗಾಲನ್ನೇ ನೋಡುತ್ತ ಕೂರುತ್ತೇನೆ. ಗೇರ್ ಬದಲಿಸುವಾಗ ಕಾಲು ಕ್ಲಚ್ಚಿನ ಮೇಲೆ ಬರುವುದಕ್ಕೆ ಒಂದು ಕ್ಷಣ ತಡವಾಗುತ್ತದೆ. ಅಥವಾ ತಡವಾಗಲೆಂದು ನಾನು ಕಾಯುತ್ತಿರುವುದರಿಂದ ಹಾಗೆ ಕಾಣುತ್ತದೆ.

ಹೋದ ಭಾನುವಾರ ಅತ್ತೆ ಸಂಘದ ಮೀಟಿಂಗಿಗೆ ಹೋಗಿದ್ದಳು. ಮಾವ ಅಂಗಳದಲ್ಲಿ ಜೀಪಿನ ಕೆಳಗೆ ಗೋಣಿ ಹಾಸಿಕೊಂಡು ಮಲಗಿ ಏನೋ ಬಿಗಿಯುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಮುಖ ಕಾಣದಿದ್ದರೆ ಕೇಳುವುದು ಸುಲಭ ಎಂದು ನಾನು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಬೈಯಲ್ಲ, ಅತ್ತೆಗೂ ಹೇಳಲ್ಲ, ನಾಳೆಯೇ ಹೋಗಿ ರಕ್ತ ಕೊಟ್ಟು ಬರೋಣ, ತಪ್ಪಿಸಿದ್ದರೂ ಮತ್ತೆ ಶುರು ಮಾಡಬಹುದಂತೆ ಎಂದೆಲ್ಲ ಹೇಳಿದೆ. ಆಮೇಲೆ ಕೇಳಿದೆ. ಸ್ಪ್ಯಾನರಿನ ಸದ್ದು ನಿಂತಿತು. ಅವನು ಅಲುಗಲಿಲ್ಲ, ಹೊರಗೆ ಬರಲೂ ಇಲ್ಲ. ನಾನು ಬಹಳ ಹೊತ್ತು ಕೂತಿದ್ದು ಕಾಲು ಜೋಮು ಹಿಡಿದ ಮೇಲೆ ಎದ್ದು ಬೇಲಿ ದಾಟಿ ಬಂದೆ. ಮಾರನೆಯ ಬೆಳಿಗ್ಗೆ ಎಂದಿನಂತೆ ಹಾರ್ನ್ ಹೊಡೆದ, ಹತ್ತಿ ಕೂತೆ, ಕೊಪ್ಪದಲ್ಲಿ ಇಳಿದೆ. ವಾರವೆಲ್ಲ ಹೀಗೇ. ನಾನು ಕೇಳಿದ್ದು ಇಷ್ಟೇ: "ಮಾವ, ಆ ಇಂಜೆಕ್ಷನ್ ನೀನು ನಿಜವಾಗ್ಲೂ ತಗೊಂಡ್ಯಾ?"